ಮನುಷ್ಯಗೋಪುರದ ಬುಡದಲ್ಲಿ ನಿಂತು ಬರೆದ ಪ್ರಬಂಧ

ಮಾನವಶಾಸ್ತ್ರದ ಸ್ನಾತಕೋತ್ತರ ಪ್ರಬಂಧಕ್ಕೆ ನಾನು ಆರಿಸಿಕೊಂಡದ್ದು ಕ್ಯಾಟಲನ್ ರಾಷ್ಟ್ರೀಯ ಅಸ್ಮಿತೆಯನ್ನು, ಅಂದರೆ ಸ್ಪೇನಿನ ಈಶಾನ್ಯದಲ್ಲಿರುವ, ತನ್ನದೇ ಭಾಷೆಯುಳ್ಳ ಕ್ಯಾಟಲೋನಿಯಾದ ಜನ ತಮ್ಮನ್ನು ಗುರುತಿಸಿಕೊಳ್ಳುವ ಬಗೆಯನ್ನು. ಈ ವಿಷಯದ ಮೇಲೆ ಬರೆದದ್ದಕ್ಕೆ ಲೆಕ್ಕವಿಲ್ಲ. 1714ರ ಸೆಪ್ಟೆಂಬರ್ 11ರಂದು ಅಲ್ಲಿನ ರಾಜಧಾನಿ ಬಾರ್ಸಿಲೋನಾ ಬೂರ್ಬನ್ ರಾಜವಂಶದ ಸೈನ್ಯಕ್ಕೆ ಸೋತದ್ದು, ಆ ಸೋಲಿನ ದಿನವನ್ನೇ ಕ್ಯಾಟಲೋನಿಯಾ ಇಂದು ತನ್ನ ರಾಷ್ಟ್ರೀಯ ದಿನವಾಗಿ ಆಚರಿಸುವುದು, ಸ್ಪೇನಿನ ಸರ್ವಾಧಿಕಾರಿ ಫ್ರಾಂಕೊ ಆಳ್ವಿಕೆಯಲ್ಲಿ ಶಾಲೆ, ಕಚೇರಿಗಳಿಂದ ಕ್ಯಾಟಲನ್ ಭಾಷೆಯನ್ನು ಹೊರಗಟ್ಟಿದ್ದು, ಪ್ರತ್ಯೇಕ ದೇಶವಾಗಬೇಕೇ ಎಂದು ಕೇಳಿದ 2017ರ ಅಕ್ಟೋಬರ್ 1ರ ಜನಮತಗಣನೆ: ಇವೆಲ್ಲವನ್ನೂ ಇತಿಹಾಸಕಾರರು ನನಗಿಂತ ಚೆನ್ನಾಗಿ ಹೇಳಬಲ್ಲರು. ನನಗೆ ಬೇಕಿದ್ದದ್ದು ಚಿಕ್ಕ ಪ್ರಶ್ನೆ. ಒಬ್ಬರು ಯಾವ ಕೆಲಸ ಮಾಡುತ್ತ, ಯಾರ ಪಕ್ಕದಲ್ಲಿ ನಿಂತು, ತಾವು ಕ್ಯಾಟಲನ್ ಎಂದು ಅಂದುಕೊಳ್ಳುತ್ತಾರೆ?

ಆ ಪ್ರಶ್ನೆಗೆ ಜಾಗ ಸಿಕ್ಕಿದ್ದು ಕಾಸ್ತೆಲ್ ತಂಡವೊಂದರ ಅಭ್ಯಾಸದ ಅಂಗಳದಲ್ಲಿ. ಕಾಸ್ತೆಲ್ ಎಂದರೆ ಮನುಷ್ಯರೇ ಒಬ್ಬರ ಹೆಗಲ ಮೇಲೊಬ್ಬರು ನಿಂತು ಕಟ್ಟುವ ಗೋಪುರ. ವಾಲ್ಸ್ ಪಟ್ಟಣದ ಸುತ್ತಮುತ್ತ ಬೆಳೆದ ಈ ಕಲೆಯನ್ನು ಯುನೆಸ್ಕೊ 2010ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಸೊಂಟಕ್ಕೆ ಬಿಗಿಯಾಗಿ ಸುತ್ತಿದ ಪಟ್ಟಿ ಬೆನ್ನಿಗೆ ಆಸರೆಯಾಗುತ್ತದೆ, ಬರಿಗಾಲಲ್ಲಿ ಹತ್ತುವವರಿಗೆ ಮೆಟ್ಟಿಲೂ ಆಗುತ್ತದೆ. ತುದಿಗೇರಿದ ಮಗು ಒಂದು ಕೈ ಎತ್ತಿದಾಗ ಗೋಪುರ ಪೂರ್ತಿಯಾದಂತೆ. ಆದರೆ ತಂಡ ಉಸಿರು ಬಿಡುವುದು ಎಲ್ಲರೂ ಬೀಳದೆ ಕೆಳಗಿಳಿದ ಮೇಲೆ. ಗ್ರಾಲ್ಯ ಎಂಬ ಓಲಗದಂಥ ವಾದ್ಯ ನುಡಿಯುತ್ತಲೇ ಇರುತ್ತದೆ. ಬುಡದಲ್ಲಿ ತಲೆ ತಗ್ಗಿಸಿ ನಿಂತವರಿಗೆ ಮೇಲೆ ಏನಾಗುತ್ತಿದೆ ಎಂದು ತಿಳಿಯುವುದು ಆ ಸ್ವರದಿಂದ.

ನಾನು ನಿಂತದ್ದು ಪಿನ್ಯದಲ್ಲಿ, ಅಂದರೆ ಗೋಪುರದ ಸುತ್ತ ಒತ್ತೊತ್ತಾಗಿ ನಿಂತು ಭಾರಕ್ಕೆ ಆನಿಕೆಯಾಗುವ ಜನರ ನಡುವೆ. ಮುಂದಿನವರ ಬೆನ್ನಿಗೆ ಎದೆ ಒತ್ತಿ ತೋಳು ಚಾಚಬೇಕು. ಯಾವ ಊರಿನವರು ಎಂದು ಯಾರೂ ಕೇಳಲಿಲ್ಲ, ಎತ್ತರ ಎಷ್ಟು ಎಂದು ಕೇಳಿದರು. ಸೂಚನೆಗಳೆಲ್ಲ ಕ್ಯಾಟಲನ್ ಭಾಷೆಯಲ್ಲಿ. ಆಂದಲೂಸಿಯಾದಿಂದ ಕೆಲಸ ಹುಡುಕಿಕೊಂಡು ಬಂದ ಕುಟುಂಬದ ಮಹಿಳೆಯೊಬ್ಬರು ಮನೆಯಲ್ಲಿ ಸ್ಪ್ಯಾನಿಷ್ ಆಡುವವರು. ಪಿನ್ಯಕ್ಕೆ ಸೇರಿದ ಕ್ಷಣದಿಂದ ಅವರ ಬಾಯಲ್ಲಿ ಕ್ಯಾಟಲನ್. 1950 ಮತ್ತು 60ರ ದಶಕಗಳಲ್ಲಿ ಸ್ಪೇನಿನ ದಕ್ಷಿಣದಿಂದ ಲಕ್ಷಾಂತರ ಜನ ಕ್ಯಾಟಲೋನಿಯಾಕ್ಕೆ ಬಂದರೆಂದು ಓದಿದ್ದೆ. ಆ ಓದಿಗೆ ಮುಖ ಸಿಕ್ಕಿದ್ದು ಅಲ್ಲಿ. ಮಾನವಶಾಸ್ತ್ರಜ್ಞ ಫ್ರೆಡ್ರಿಕ್ ಬಾರ್ಥ್ 1969ರಲ್ಲಿ ಮಂಡಿಸಿದ ವಾದವೂ ಅಲ್ಲೇ ಜೀವ ತಳೆಯಿತು: ಸಮುದಾಯದ ಒಳಗಿನ ಆಚಾರಗಳನ್ನು ಪಟ್ಟಿ ಮಾಡುವುದಕ್ಕಿಂತ, ಅದರ ಗಡಿಯನ್ನು ಜನ ಹೇಗೆ ಕಾಯುತ್ತಾರೆ, ಹೇಗೆ ದಾಟುತ್ತಾರೆ ಎಂದು ನೋಡಬೇಕು.

ಇನ್ನು ಬರವಣಿಗೆ. ನೋಟ್‌ಬುಕ್ಕಿನ ಎಡಪುಟದಲ್ಲಿ ಕಂಡದ್ದು, ಕೇಳಿದ್ದು ಮಾತ್ರ, ಬಲಪುಟದಲ್ಲಿ ನನಗನಿಸಿದ್ದು. ಅಭ್ಯಾಸ ಮುಗಿದ ರಾತ್ರಿಯೇ ಬರೆಯುತ್ತಿದ್ದೆ, ಏಕೆಂದರೆ ಬೆಳಗಾಗುವಷ್ಟರಲ್ಲಿ ಜನ ಆಡಿದ ಮಾತು ನನ್ನ ಮಾತಾಗಿಬಿಡುತ್ತದೆ. ಪುಸ್ತಕಗಳ ಟಿಪ್ಪಣಿಗೂ ಇದೇ ಕಟ್ಟುನಿಟ್ಟು: ಲೇಖಕರ ವಾದ ಒಂದು ಕಡೆ, ಅದಕ್ಕೆ ನನ್ನ ತಕರಾರು ಇನ್ನೊಂದು ಕಡೆ, ಪುಟಸಂಖ್ಯೆ ತಪ್ಪದೆ.

ಕರಡು ಸಿದ್ಧವಾದ ಮೇಲೆ ಪ್ರತಿ ಪ್ಯಾರಾದ ಪಕ್ಕದಲ್ಲಿ ಅದರ ವಾದವನ್ನು ಕನ್ನಡದಲ್ಲಿ ಒಂದೇ ಸಾಲಿನಲ್ಲಿ ಬರೆದೆ. ಪ್ರಬಂಧ ಇಂಗ್ಲಿಷಿನಲ್ಲಿತ್ತು, ವಿದ್ವತ್ತಿನ ಇಂಗ್ಲಿಷ್ ಎಷ್ಟು ನುಣುಪಾಗಿರುತ್ತದೆಂದರೆ ಏನೂ ಹೇಳದ ಪ್ಯಾರಾ ಕೂಡ ಗಂಭೀರವಾಗಿ ಕಾಣುತ್ತದೆ. ಕನ್ನಡದ ಆ ಒಂದು ಸಾಲು ಹುಟ್ಟದಿದ್ದರೆ ಪ್ಯಾರಾ ತೆಗೆದುಹಾಕುತ್ತಿದ್ದೆ. ಉಳಿದ ಸಾಲುಗಳನ್ನಷ್ಟೇ ಮೇಲಿನಿಂದ ಕೆಳಗೆ ಓದಿದರೆ ವಾದ ಎಲ್ಲಿ ಕುಂಟುತ್ತಿದೆ ಎಂಬುದು ಗೊತ್ತಾಗುತ್ತಿತ್ತು. ನಾನು ಕಲಿತ ಎಲ್ಲ ಕೌಶಲಗಳಲ್ಲಿ ಇದಕ್ಕೇ ಹೆಚ್ಚಿನ ಬೆಲೆ ಕೊಡುತ್ತೇನೆ.

‘ನಾನು’ ಎಂದು ಬರೆಯಬೇಡಿ ಎಂಬ ಬುದ್ಧಿವಾದವನ್ನು ಮಾನವಶಾಸ್ತ್ರದಲ್ಲಿ ಒಪ್ಪಲಾಗದು. ನೋಡಿದವರು ಯಾರು, ಎಲ್ಲಿ ನಿಂತು ನೋಡಿದರು ಎಂದು ಓದುಗರಿಗೆ ತಿಳಿಯಬೇಕು. ಗೋಕಾಕ್ ಚಳವಳಿಯ ಕಥೆಗಳನ್ನು ಕೇಳುತ್ತ ಬೆಳೆದ ನನಗೆ ಭಾಷೆಯ ಪರ ಕೂಗುವ ಜನರ ಮೇಲೆ ಮೊದಲೇ ಒಲವಿದೆ. ಅದನ್ನು ಪೀಠಿಕೆಯಲ್ಲೇ ಬರೆದೆ. ಜೊತೆಗೆ, ಭಾಷೆಯ ಆಧಾರದ ಮೇಲೆ ಒಂದಾದ ರಾಜ್ಯದಿಂದ ಬಂದ ನಾನು, ದಶಕಗಳ ಕಾಲ ಸಾರ್ವಜನಿಕ ಬದುಕಿನಿಂದ ಅಟ್ಟಲ್ಪಟ್ಟ ಭಾಷೆಯ ನೋವನ್ನು ನಮ್ಮದರೊಂದಿಗೆ ಸರಿಗಟ್ಟಿ ನೋಡುವುದಿಲ್ಲ ಎಂದೂ ಬರೆದೆ.

ಪ್ರತ್ಯೇಕ ದೇಶ ಬೇಕೆನ್ನುವವರೂ ಬೇಡವೆನ್ನುವವರೂ ಒಂದೇ ಪಿನ್ಯದಲ್ಲಿ ತೋಳು ಚಾಚಿ ನಿಲ್ಲುತ್ತಿದ್ದರು. ಯಾರ ನಿಲುವು ಯಾವುದೆಂದು ಬರೆದರೆ ಚಿಕ್ಕ ತಂಡದಲ್ಲಿ ಗುರುತು ಹತ್ತುವುದು ಸುಲಭ. ಹೆಸರು ಬದಲಿಸಿದರೆ ಸಾಲದೆಂದು ವಯಸ್ಸು, ಉದ್ಯೋಗ, ಗೋಪುರದಲ್ಲಿ ಅವರ ಜಾಗ ಎಲ್ಲವನ್ನೂ ಬದಲಿಸಿದೆ. ಅಷ್ಟಾದರೂ ಗುರುತು ಸಿಗುವಂತಿದ್ದ ಒಂದು ಸಂದರ್ಶನವನ್ನು, ನನ್ನ ವಾದಕ್ಕೆ ಅದೇ ಗಟ್ಟಿ ಸಾಕ್ಷಿಯಾಗಿದ್ದರೂ, ಪ್ರಬಂಧದಿಂದ ಕೈಬಿಟ್ಟೆ.