ಮಾದರಿ ವಿಮಾನದ ಬ್ಯಾಟರಿಯನ್ನು ಚಾವಡಿಯಿಂದ ಹೊರಗೆ ಹಾಕಿದ ಬಗೆ

ಕಾಸರಗೋಡಿನ ಬದಿಯಡ್ಕದ ಸಮೀಪ ನಮ್ಮದು ಹಂಚಿನ ಮಾಡಿನ ಹಳೆಯ ಮನೆ. ಸುಗ್ಗಿಯ ಕೊಯ್ಲು ಮುಗಿದು ಗದ್ದೆ ಒಣಗಿದ ಮೇಲೆ, ಮಳೆ ಹಿಡಿಯುವವರೆಗೆ, ಸಂಜೆ ಹೊತ್ತು ರಿಮೋಟಿನ ಮಾದರಿ ವಿಮಾನ ಹಾರಿಸುವುದು ನನಗೆ ಹಲವು ವರ್ಷಗಳ ಹವ್ಯಾಸ. ಅದಕ್ಕೆ ಬಳಸುವುದು ಮೂರು ಸೆಲ್‌ಗಳ, 2200 ಎಂಎಎಚ್ (ಮಿಲಿಆಂಪಿಯರ್-ಅವರ್) ಸಾಮರ್ಥ್ಯದ ಲಿಪೊ, ಅಂದರೆ ಲಿಥಿಯಂ ಪಾಲಿಮರ್, ಬ್ಯಾಟರಿಗಳು. ಮೊಬೈಲ್ ಫೋನಿನ ಬ್ಯಾಟರಿಯೊಂದಿಗೆ ಸಣ್ಣದೊಂದು ರಕ್ಷಣಾ ಸರ್ಕ್ಯೂಟ್ ಇರುತ್ತದೆ. ಮಿತಿ ಮೀರಿದರೆ ಅದೇ ಸಂಪರ್ಕ ಕಡಿದುಹಾಕುತ್ತದೆ. ಹವ್ಯಾಸದ ಲಿಪೊ ಬ್ಯಾಟರಿಗಳಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ. ಕಾವಲುಗಾರನ ಕೆಲಸವೆಲ್ಲ ಚಾರ್ಜರಿನದು ಮತ್ತು ನಮ್ಮದು. ಈ ಮಾತು ನನಗೆ ತಿಳಿದಿತ್ತು, ಆದರೆ ಮೈಗೆ ಹತ್ತಿರಲಿಲ್ಲ.

ಒಂದು ಎಪ್ರಿಲ್ ಸಂಜೆ ವಿಮಾನವು ತೋಟದಂಚಿನ ಕಂಗಿಗೆ (ಅಡಿಕೆ ಮರಕ್ಕೆ) ಬಡಿದು ಬಿತ್ತು. ಬ್ಯಾಟರಿಯ ಒಂದು ಮೂಲೆ ಹೆಬ್ಬೆರಳಿನಿಂದ ಒತ್ತಿದಷ್ಟು ತಗ್ಗಿದ್ದುದನ್ನು ಬಿಟ್ಟರೆ ಬೇರೆ ದೋಷ ಕಾಣಲಿಲ್ಲ. ಮರುದಿನ ಬೆಳಗ್ಗೆ ಅದನ್ನು ಚಾವಡಿಯ ಮರದ ಬೆಂಚಿನ ಮೇಲೆ, ಚಾಲಿ ಅಡಿಕೆಯ ಗೋಣಿಯಿಂದ ಎರಡು ಗೇಣು ದೂರದಲ್ಲಿ ಚಾರ್ಜಿಗೆ ಇಟ್ಟೆ. ಬೇಗ ಮುಗಿಯಲಿ ಎಂದು, ಒಂದೊಂದು ಸೆಲ್ಲಿನ ವೋಲ್ಟೇಜನ್ನು ಚಾರ್ಜರಿಗೆ ಬೇರೆಬೇರೆಯಾಗಿ ತೋರಿಸುವ ಬ್ಯಾಲೆನ್ಸ್ ವಯರನ್ನು ಸಿಕ್ಕಿಸಲಿಲ್ಲ. ಇಪ್ಪತ್ತೈದು ನಿಮಿಷ ಕಳೆದಿರಬಹುದು, ಅಡುಗೆಮನೆಯಿಂದ ಅಬ್ಬೆ "ಚಾವಡಿಲಿ ಎಂತದೋ ಹಣ್ಣಿನ ವಾಸನೆ ಬತ್ತಾ ಇದ್ದು" ಎಂದರು. ಹಲಸಿನ ಕಾಲವಾದ್ದರಿಂದ ನಾನೂ ಹಾಗೆಯೇ ಎಣಿಸಿದೆ. ಆ ಸಿಹಿ ವಾಸನೆ ಹಲಸಿನದಲ್ಲ, ಹೊಟ್ಟೆ ಬಿರಿದ ಸೆಲ್‌ನಿಂದ ಹೊರಬೀಳುತ್ತಿದ್ದ, ಒಳಗಿನ ಎಲೆಕ್ಟ್ರೊಲೈಟ್ ದ್ರಾವಣದ ಆವಿಯದು. ನಾನು ಬಾಗಿಲಿಗೆ ಬರುವಷ್ಟರಲ್ಲಿ ಬುಸ್ಸೆಂಬ ಸದ್ದಿನೊಡನೆ ಬಿಳಿ ಹೊಗೆ ಎದ್ದು, ಅದರ ಬೆನ್ನಿಗೇ ಮೊಳದುದ್ದದ ಜ್ವಾಲೆ ಅಡ್ಡಲಾಗಿ ಚಿಮ್ಮಿತು.

ಸ್ವಿಚ್ ಆರಿಸಿ, ಮೂಲೆಯಲ್ಲಿದ್ದ ಗುದ್ದಲಿಯಿಂದ ಅದನ್ನು ಅಂಗಳಕ್ಕೆ ಎಳೆದುಹಾಕಿದೆ. ಅಲ್ಲಿ ಅದು ಮತ್ತೆರಡು ಬಾರಿ ಹೊತ್ತಿಕೊಂಡಿತು. ಒಂದು ಸೆಲ್‌ನ ಕಾವು ಪಕ್ಕದ ಸೆಲ್‌ಗೆ ಹಬ್ಬಿ ಮೂರೂ ಸರದಿಯಲ್ಲಿ ಉರಿದವು. ಬೆಂಚಿನ ಮೇಲೆ ಕಪ್ಪು ಕಲೆ, ಗೋಣಿಯ ಒಂದು ಬದಿಯಲ್ಲಿ ಸುಟ್ಟ ತೂತು, ನನಗೆ ಎರಡು ದಿನದ ಗಂಟಲು ಉರಿ. ಆ ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡಿನಂಥ ವಿಷಾನಿಲವಿರುತ್ತದೆ. ನಾನು ಮುಖಕ್ಕೆ ಬಟ್ಟೆಯನ್ನೂ ಕಟ್ಟದೆ ಅದರೊಳಗೆ ನಿಂತದ್ದು ಧೈರ್ಯವಲ್ಲ, ತಿಳಿಗೇಡಿತನ.

ಆಮೇಲೆ ಕುಳಿತು ಲೆಕ್ಕ ಹಾಕಿದಾಗ ತಪ್ಪು ಸ್ಪಷ್ಟವಾಯಿತು. ಲಿಪೊ ಸೆಲ್ ಪೂರ್ತಿ ತುಂಬಿದಾಗ ಇರಬೇಕಾದ್ದು 4.20 ವೋಲ್ಟ್, ಮೂರು ಸೆಲ್ ಸೇರಿ 12.6. ಬ್ಯಾಲೆನ್ಸ್ ವಯರ್ ಇಲ್ಲದಿದ್ದರೆ ಚಾರ್ಜರಿಗೆ ಕಾಣುವುದು ಆ ಒಟ್ಟು ಮೊತ್ತ ಮಾತ್ರ. ಪೆಟ್ಟು ತಿಂದ ಸೆಲ್ ಒಳಗೊಳಗೇ ಸೋರಿ 3.9ರಲ್ಲಿ ನಿಂತಿದ್ದರೆ, ಮೊತ್ತ 12.6 ಆಗುವಾಗ ಉಳಿದೆರಡು ಸೆಲ್‌ಗಳು 4.35ಕ್ಕೆ ಏರಿರುತ್ತವೆ. ಹೀಗೆ ಒಂದೆಡೆ ಮಿತಿ ಮೀರಿದ ಸೆಲ್, ಇನ್ನೊಂದೆಡೆ ಒಳಗಿನ ತೆಳು ಪದರ ಘಾಸಿಗೊಂಡು ಧನ ಋಣ ತಗಡುಗಳು ಒಂದಕ್ಕೊಂದು ತಾಗಲು ಕಾದಿರುವ ಸೆಲ್. ಆ ಪದರದ ಪಾಲಿಥಿಲೀನ್ ಸುಮಾರು 130 ಡಿಗ್ರಿ ಸೆಲ್ಸಿಯಸಿನಲ್ಲಿ ಕರಗುತ್ತದೆ; ಅದು ಕರಗಿ ಹರಿದ ಮೇಲೆ ಬಿಸಿಯೇ ಬಿಸಿಯನ್ನು ಹುಟ್ಟಿಸುತ್ತ ಹೋಗುವುದರಿಂದ, ಪ್ಲಗ್ ಕಿತ್ತರೂ ಉರಿ ನಿಲ್ಲುವುದಿಲ್ಲ. ಇವೆರಡರಲ್ಲಿ ಮೊದಲು ಯಾವುದು ಕೈಕೊಟ್ಟಿತೋ, ಎರಡಕ್ಕೂ ದಾರಿ ಮಾಡಿಕೊಟ್ಟವನು ನಾನೇ.

ಈಗ ಚಾರ್ಜಿಂಗ್ ನಡೆಯುವುದು ಅಂಗಳದಾಚೆ, ಕಾರು ನಿಲ್ಲಿಸುತ್ತಿದ್ದ ಶೆಡ್ಡಿನ ಮೂಲೆಯಲ್ಲಿ. ಕಾರು ಬೇರೆ ಕಡೆಗೆ ಹೋಯಿತು. ಮನೆ ಕಟ್ಟಿದಾಗ ಉಳಿದ ಮುರಕಲ್ಲುಗಳನ್ನು ಮೂರು ಬದಿಗೆ ಎರಡೆರಡು ವರಸೆ ಇಟ್ಟು, ತಳಕ್ಕೆ ನಾಲ್ಕು ಬೆರಳು ದಪ್ಪ ಒಣ ಹೊಯ್ಗೆ (ಮರಳು) ಹಾಸಿ, ಮೇಲೆ ಹಳೆಯ ಮಂಗಳೂರು ಹಂಚುಗಳನ್ನು ಸಡಿಲವಾಗಿ ಹೊದಿಸಿದ್ದೇನೆ. ಸಡಿಲವಾಗಿರುವುದು ಮುಖ್ಯ, ಏಕೆಂದರೆ ಅನಿಲಕ್ಕೆ ದಾರಿ ಇಲ್ಲದ ಪೆಟ್ಟಿಗೆ ಬಾಂಬಿಗೆ ಸಮ. ಬ್ಯಾಟರಿ ಈ ಗೂಡಿನೊಳಗೆ, ಚಾರ್ಜರ್ ಹೊರಗೆ. ಸುತ್ತ ಮಡಲು, ಕಟ್ಟಿಗೆ, ಅಡಿಕೆ ಸಿಪ್ಪೆ, ಗೋಣಿ ಯಾವುದೂ ಎರಡು ಮೀಟರಿನೊಳಗೆ ಬರಕೂಡದು. ಅಂಗಡಿಯಲ್ಲಿ ಸಿಗುವ ಗಾಜುನಾರಿನ ಚೀಲವೂ ನನ್ನಲ್ಲಿದೆ, ಆದರೆ ಅದನ್ನು ಗೂಡಿನೊಳಗೆ ಇಟ್ಟೇ ಬಳಸುತ್ತೇನೆ. ಚೀಲವನ್ನೇ ನಂಬಿ ಮರದ ಮೇಜಿನ ಮೇಲೆ ಚಾರ್ಜ್ ಮಾಡುವವರ ಧೈರ್ಯ ನನಗಿಲ್ಲ.

ಮರಳಿನಿಂದ ಬೆಂಕಿ ಆರುತ್ತದೆಂದು ನಾನು ಮೊದಲು ಎಣಿಸಿದ್ದೆ. ಕಾವು ಸೆಲ್‌ನ ಒಳಗೇ ಹುಟ್ಟುವುದರಿಂದ ಮರಳು ಜ್ವಾಲೆಯನ್ನು ಹರಡದಂತೆ ತಡೆದೀತೇ ಹೊರತು ತಣಿಸಲಾರದು. ತಣಿಸಲು ನೀರೇ ಬೇಕು. ಲಿಥಿಯಂ ನೀರಿನೊಡನೆ ವರ್ತಿಸಿ ಹೊತ್ತಿಕೊಳ್ಳುತ್ತದೆ ಎಂಬ ಶಾಲೆಯ ಪಾಠ ನೆನಪಾಗಿ ಹಲವರು ಹಿಂಜರಿಯುತ್ತಾರೆ. ಆ ಪಾಠ ಲೋಹರೂಪದ ಲಿಥಿಯಂ ಕುರಿತಾದದ್ದು, ಈ ಬ್ಯಾಟರಿಗಳಲ್ಲಿ ಅದು ಮುಖ್ಯವಾಗಿ ಅಯಾನುಗಳಾಗಿ ಗ್ರಾಫೈಟ್ ಮತ್ತು ಆಕ್ಸೈಡುಗಳ ನಡುವೆ ಓಡಾಡಿಕೊಂಡಿರುತ್ತದೆ. ಹಾಗಾಗಿ ಶೆಡ್ಡಿನ ಹೊರಗೆ ಎರಡು ಕೊಡ ನೀರು ಸದಾ ತುಂಬಿರುತ್ತದೆ, ಮೇನ್ ಸ್ವಿಚ್ ಗೂಡಿನಿಂದ ನಾಲ್ಕು ಹೆಜ್ಜೆ ಈಚೆಗಿದೆ. ಮೊದಲು ಸ್ವಿಚ್, ಆಮೇಲೆ ನೀರು. ಹೊಗೆ ದಟ್ಟವಾಗಿದ್ದರೆ ಎರಡನ್ನೂ ಬಿಟ್ಟು ಗಾಳಿ ಬರುವ ದಿಕ್ಕಿಗೆ ದೂರ ನಿಲ್ಲುವುದು. ಮುರಕಲ್ಲು ತನ್ನ ಕೆಲಸ ಮಾಡಿಕೊಳ್ಳುತ್ತದೆ.

ಚಾರ್ಜಿಗೆ ಮೊದಲು ಪ್ರತಿ ಬ್ಯಾಟರಿಯ ಮೈಯನ್ನು ಬೆರಳಿನಿಂದ ಸವರಿ ನೋಡುತ್ತೇನೆ. ದಿಂಬಿನಂತೆ ಉಬ್ಬಿದ್ದರೆ, ಅಥವಾ ಒಂದು ಸೆಲ್ ಉಳಿದವಕ್ಕಿಂತ 0.1 ವೋಲ್ಟಿಗೂ ಹೆಚ್ಚು ಕೆಳಗಿದ್ದರೆ, ಅಥವಾ ಯಾವುದಾದರೂ ಸೆಲ್ 3.0ಕ್ಕಿಂತ ಕೆಳಗೆ ಇಳಿದಿದ್ದರೆ ಅದನ್ನು ಚಾರ್ಜ್ ಮಾಡುವುದಿಲ್ಲ. ಪತನಗೊಂಡ ವಿಮಾನದ ಬ್ಯಾಟರಿ ಎಷ್ಟೇ ಸರಿ ಕಂಡರೂ ಎರಡು ದಿನ ಗೂಡಿನಲ್ಲೇ ಒಂಟಿಯಾಗಿರಬೇಕು. ಅಷ್ಟರಲ್ಲಿ ವೋಲ್ಟೇಜ್ ಇಳಿದರೆ ಅದರ ಕಥೆ ಮುಗಿಯಿತು. ಹಾರಿಸಿ ತಂದ ಬ್ಯಾಟರಿ ಕೈಗೆ ಬೆಚ್ಚಗಿದ್ದರೆ ತಣಿಯುವವರೆಗೆ ಕಾಯುತ್ತೇನೆ. ಬ್ಯಾಲೆನ್ಸ್ ವಯರ್ ತಪ್ಪುವುದಿಲ್ಲ. ಕರೆಂಟು 1ಸಿ, ಅಂದರೆ ಸುಮಾರು ಒಂದು ಗಂಟೆಯಲ್ಲಿ ತುಂಬಿಸುವ ವೇಗ; 2200 ಎಂಎಎಚ್‌ಗೆ 2.2 ಆಂಪಿಯರ್, ಲೇಬಲಿನ ಮೇಲೆ 5ಸಿ ಎಂದು ಬರೆದಿದ್ದರೂ ಅವಸರ ನನಗಿಲ್ಲ. ರಾತ್ರಿ ಚಾರ್ಜಿಗಿಟ್ಟು ಮಲಗುವ ಅಭ್ಯಾಸವಂತೂ ಅಂದಿಗೇ ನಿಂತಿತು. ಗಂಟೆಯ ಕೆಲಸ, ಜಗಲಿಯಲ್ಲಿ ಪೇಪರು ಓದುತ್ತ ಕಣ್ಣಳತೆಯಲ್ಲೇ ಇರುತ್ತೇನೆ.

ನಮ್ಮ ಕಡೆಯ ನಿಜವಾದ ಸಮಸ್ಯೆ ಮಳೆಗಾಲದ್ದು. ಜೂನ್ ಬಂತೆಂದರೆ ಗದ್ದೆಯಲ್ಲಿ ನೀರು, ನಾಲ್ಕು ತಿಂಗಳು ವಿಮಾನ ಅಟ್ಟಕ್ಕೆ. ಪೂರ್ತಿ ತುಂಬಿದ ಬ್ಯಾಟರಿ ಅಷ್ಟು ಕಾಲ ಸುಮ್ಮನೆ ಬಿದ್ದಿದ್ದರೆ ಉಬ್ಬುತ್ತದೆ, ಬರಿದಾದದ್ದು ಸಾಯುತ್ತದೆ. ಆದ್ದರಿಂದ ಚಾರ್ಜರಿನ ಸ್ಟೋರೇಜ್ ವಿಧಾನದಲ್ಲಿ ಪ್ರತಿ ಸೆಲ್ಲನ್ನು 3.80 ಮತ್ತು 3.85 ವೋಲ್ಟಿನ ನಡುವೆ ತಂದು ನಿಲ್ಲಿಸಿ, ತಿಂಗಳಿಗೊಮ್ಮೆ ಅಳೆದು ನೋಡುತ್ತೇನೆ. ವಿಮಾನ ಮಾತ್ರ ಅಟ್ಟಕ್ಕೆ. ಬ್ಯಾಟರಿಗಳು ಶೆಡ್ಡಿನಲ್ಲಿ, ಮುಚ್ಚಳಕ್ಕೆ ತೂತು ಕೊರೆದ ತಗಡಿನ ಡಬ್ಬದೊಳಗೆ, ಒಂದಕ್ಕೊಂದು ತಾಗದಂತೆ, ಕನೆಕ್ಟರಿನ ಬಾಯಿಗೆ ಟೋಪಿ ಹಾಕಿಸಿಕೊಂಡು. ತಗಡಿನದೇ ಏಕೆಂದರೆ ಒಮ್ಮೆ ರಟ್ಟಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾಗ ಇಲಿ ಬ್ಯಾಲೆನ್ಸ್ ವಯರಿನ ಹೊದಿಕೆಯನ್ನು ತಿಂದು ಎರಡು ಎಳೆಗಳ ತಾಮ್ರ ಕಾಣಿಸಿತ್ತು. ಅವೆರಡು ಎಳೆ ಒಂದಕ್ಕೊಂದು ತಾಗದೆ ಉಳಿದದ್ದು ಅದೃಷ್ಟವೇ ಸರಿ.

ಕೆಲಸಕ್ಕೆ ಬಾರದ ಬ್ಯಾಟರಿಗೆ ಕಾರಿನ ಇಂಡಿಕೇಟರಿನ 12 ವೋಲ್ಟ್, 21 ವಾಟಿನ ಬಲ್ಬನ್ನು ಜೋಡಿಸಿ, ಅದೇ ಗೂಡಿನೊಳಗೆ ಬಲ್ಬ್ ಪೂರ್ತಿ ಆರುವವರೆಗೂ, ಆರಿದ ಮೇಲೆಯೂ ಒಂದು ದಿನ, ಹಾಗೆಯೇ ಬಿಡುತ್ತೇನೆ. ಉಪ್ಪುನೀರಿನಲ್ಲಿ ಮುಳುಗಿಸುವ ಉಪಾಯವನ್ನು ಮಾಡಿ ನೋಡಿದ್ದೆ. ತಂತಿಯ ತುದಿಗಳು ತುಕ್ಕು ಹಿಡಿದು ಉದುರಿದವು, ಸೆಲ್‌ಗಳಲ್ಲಿ ಚಾರ್ಜ್ ಹಾಗೆಯೇ ಇತ್ತು. ಬರಿದಾದ ಬ್ಯಾಟರಿಯ ತುದಿಗಳಿಗೆ ಟೇಪು ಸುತ್ತಿ, ತಿಂಗಳಿಗೊಮ್ಮೆ ಪ್ಲಾಸ್ಟಿಕ್ ಒಯ್ಯಲು ಬರುವ ಪಂಚಾಯತಿನ ಹರಿತ ಕರ್ಮ ಸೇನೆಯವರಿಗೆ ಇದು ಬ್ಯಾಟರಿ, ಬೇರೆ ಕಸದೊಂದಿಗೆ ಸೇರಬಾರದು ಎಂದು ಹೇಳಿ ಬೇರೆಯಾಗಿಯೇ ಕೊಡುತ್ತೇನೆ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ಕೇಳುವುದೂ ಇದನ್ನೇ. ಅವರು ಒಯ್ಯದ ತಿಂಗಳು ಅದು ತಗಡಿನ ಡಬ್ಬದಲ್ಲೇ ಇರುತ್ತದೆ, ತೋಟದ ಸೌದೆರಾಶಿಗೆ ಹೋಗುವುದಿಲ್ಲ.