ಒಂದು ದಿನದ ಮರಿಯಲ್ಲೇ ಹುಂಜ, ಹೇಂಟೆ ಬೇರೆ ಮಾಡಿದ್ದು

ಮೊಟ್ಟೆ ಒಡೆದ ದಿನವೇ ಮರಿ ಹುಂಜವೋ ಹೇಂಟೆಯೋ ಹೇಳುತ್ತೇನೆ ಅಂದಾಗ ನಮ್ಮ ಮಾವ ನಕ್ಕಿದ್ದರು. ‘ಸುಮ್ನಿರಪ್ಪ, ಎರಡು ತಿಂಗಳು ತಡಿ, ಅದೇ ಕೂಗಿ ಹೇಳುತ್ತೆ.’ ಈ ಯುಗಾದಿ ಹೊತ್ತಿಗೆ ಅವರೇ ಬಂದು ಇಪ್ಪತ್ತು ಹೆಣ್ಣು ಮರಿ ಆರಿಸಿಕೊಡು ಅಂದರು.

ನಾಟಿ ಕೋಳಿ ಮರಿ ಮಾರುವವರಿಗೆ ಈ ಸಂಕಟ ಗೊತ್ತೇ ಇದೆ. ಕೊಳ್ಳುವವರಿಗೆಲ್ಲ ಹೇಂಟೆಯೇ ಬೇಕು. ಜುಟ್ಟು ಕೆಂಪಾಗುವ ತನಕ ಕಾದರೆ ಅಷ್ಟು ದಿನ ತಿಂದ ಫೀಡಿನ ದುಡ್ಡು ಯಾರು ಕೊಡುತ್ತಾರೆ?

ಊರಿನ ಉಪಾಯಗಳನ್ನೆಲ್ಲ ಮೊದಲು ನೋಡಿದೆ. ಚೂಪು ಮೊಟ್ಟೆ ಹುಂಜ, ದುಂಡು ಮೊಟ್ಟೆ ಹೇಂಟೆ ಅನ್ನುತ್ತಾರಲ್ಲ, ನಲವತ್ತು ಮೊಟ್ಟೆ ಬೇರೆ ಬೇರೆ ಕಾವಿಗೆ ಇಟ್ಟೆ. ಎರಡರಲ್ಲೂ ಹೆಚ್ಚುಕಮ್ಮಿ ಅರ್ಧರ್ಧ ಬಂತು. ದಾರಕ್ಕೆ ಉಂಗುರ ಕಟ್ಟಿ ಮೊಟ್ಟೆ ಮೇಲೆ ತೂಗಾಡಿಸಿದ್ದೂ ಆಯಿತು. ಹೆಂಡತಿ ಉಂಗುರ ವಾಪಸ್ ಕೇಳಿದಳು, ಅಲ್ಲಿಗೆ ಆ ಪ್ರಯೋಗ ಮುಗಿಯಿತು. ರೆಕ್ಕೆ ಗರಿ ನೋಡುವುದು ಅದಕ್ಕಂತಲೇ ಬೆಳೆಸಿದ ತಳಿಗಳಲ್ಲಿ ನಡೆಯುತ್ತದೆ. ನಮ್ಮ ಕಲಬೆರಕೆ ನಾಟಿಯಲ್ಲಿ ಇಲ್ಲ.

ಕೊನೆಗೆ ಕೆಲಸ ಮಾಡಿದ್ದು ಪಟ್ಟೆ. ಬೂದು-ಬಿಳಿ ಪಟ್ಟೆಯ ಹೇಂಟೆ ಆ ಪಟ್ಟೆಯನ್ನು ಗಂಡು ಮರಿಗೆ ಮಾತ್ರ ಕೊಡುತ್ತದೆ, ಹೆಣ್ಣಿಗೆ ಕೊಡುವುದಿಲ್ಲ. ಹಾಗಾಗಿ ಅಪ್ಪಟ ಕಪ್ಪು ಹುಂಜದ ಜೊತೆ ಪಟ್ಟೆ ಹೇಂಟೆ ಬಿಟ್ಟರೆ ಮರಿಗಳೆಲ್ಲ ಕಪ್ಪು, ಪಟ್ಟೆಯ ಗುರುತಾಗಿ ಗಂಡಿನ ನೆತ್ತಿಯ ಹಿಂದೆ ಮಾತ್ರ ಒಂದು ಬಿಳಿ ಚುಕ್ಕೆ. ಹೊಟ್ಟೆಯ ಬಿಳಿ ನೋಡಿ ಮೋಸ ಹೋಗಬೇಡಿ, ಅದು ಎರಡಕ್ಕೂ ಇರುತ್ತದೆ. ಮೈ ಒಣಗಿದ ಮೇಲೆ ನೆತ್ತಿ ನೋಡಿ.

ಇಷ್ಟು ಕಲಿಯೋಕೆ ನನಗೆ ಒಂದೂವರೆ ವರ್ಷ, ಸುಮಾರು ಒಂಬತ್ತು ಸಾವಿರ ರೂಪಾಯಿ ಹಿಡಿಯಿತು. ಮೊದಲ ಸಲ ಉಲ್ಟಾ ಮಾಡಿದೆ. ಚಂದ ಕಂಡಿತು ಅಂತ 1,800 ಕೊಟ್ಟು ಪಟ್ಟೆ ಹುಂಜ ತಂದು ಕರಿ ಹೇಂಟೆಗಳ ಜೊತೆ ಬಿಟ್ಟೆ. ಹುಟ್ಟಿದ್ದಕ್ಕೆಲ್ಲ ಚುಕ್ಕೆ! ಎರಡನೇ ಸಲ ಜೋಡಿ ಸರಿ ಇತ್ತು, ಅವಸರ ಕೆಡಿಸಿತು. ಹಳೇ ಹುಂಜ ತೆಗೆದ ನಾಲ್ಕೇ ದಿನಕ್ಕೆ ಮೊಟ್ಟೆ ಕೂಡಿಟ್ಟೆ. ಹಳೇ ಹುಂಜದ ಬೀಜ ಹೇಂಟೆಯ ಹೊಟ್ಟೆಯಲ್ಲಿ ಎರಡು ಮೂರು ವಾರ ಉಳಿಯುತ್ತದೆ. ಕೆಂಪು, ಕಂದು, ಹಳದಿ ಮರಿಗಳ ಸಂತೆಯೇ ಬಂತು. ಈಗ ಹುಂಜ ಬದಲಿಸಿದರೆ ಇಪ್ಪತ್ತೈದು ದಿನದ ಮೊಟ್ಟೆ ಎಲ್ಲ ನಮ್ಮ ಮನೆ ಆಮ್ಲೆಟ್ಟಿಗೇ.

ಹೇಂಟೆ ಜಾತಿ ಶುದ್ಧ ಇರಲೇಬೇಕು ಅಂತಿಲ್ಲ, ಪಟ್ಟೆ ಇದ್ದರೆ ಸಾಕು. ಹುಂಜದಲ್ಲಿ ಮಾತ್ರ ಒಂದು ಗರಿಯಲ್ಲೂ ಪಟ್ಟೆ ಕಾಣಬಾರದು. ನನ್ನ ಐದು ಹೇಂಟೆಗಳಲ್ಲಿ ಪ್ಲಿಮತ್ ರಾಕ್ ಅನ್ನೋ ಪಟ್ಟೆ ತಳಿಯ ರಕ್ತ ಇದೆ, ತಲಾ ಆರುನೂರು ಬಿತ್ತು. ಅವು ಕಾವಿಗೆ ಸರಿಯಾಗಿ ಕೂರಲ್ಲ, ಅದಕ್ಕೇ ಮೊಟ್ಟೆಯನ್ನು ನಾಟಿ ಹೇಂಟೆಗಳಿಗೆ ಹದಿಮೂರು ಹದಿನಾಲ್ಕರಂತೆ ಹಂಚುತ್ತೇನೆ. ಥರ್ಮಾಕೋಲ್ ಡಬ್ಬಿಗೆ ಬಲ್ಬು ಹಾಕಿ ಇನ್‌ಕ್ಯುಬೇಟರ್ ಮಾಡಿದ್ದೆ. ಹದಿನೆಂಟನೇ ದಿನ ರಾತ್ರಿಯೆಲ್ಲ ಕರೆಂಟ್ ಇಲ್ಲ, ಅರವತ್ತು ಮೊಟ್ಟೆ ಗೊಬ್ಬರದ ಗುಂಡಿಗೆ ಹೋದವು. ಆ ಡಬ್ಬಿಯಲ್ಲಿ ಈಗ ಕೊತ್ತಂಬರಿ ಬೆಳೆಯುತ್ತಿದೆ.

ಹುಟ್ಟಿದ ಮರಿಗಳನ್ನೇ ಮತ್ತೆ ಒಂದಕ್ಕೊಂದು ಜೋಡಿ ಮಾಡಿಯೂ ನೋಡಿದೆ. ಆ ಹುಂಜಗಳು ತಾಯಿಯ ಪಟ್ಟೆ ಹೊತ್ತಿರುತ್ತವೆ, ಗಂಡು ಹೆಣ್ಣು ಎರಡಕ್ಕೂ ಹಂಚುತ್ತವೆ. ಗುರುತು ಸಿಗುವುದಿಲ್ಲ. ಆದರೆ ಅದೇ ಹುಂಜವನ್ನು ಪಟ್ಟೆ ಹೇಂಟೆಗೆ ಬಿಟ್ಟರೆ ಹೆಣ್ಣು ಮರಿಗಳಲ್ಲಿ ಅರ್ಧಕ್ಕೆ ಪಟ್ಟೆ ಬರುತ್ತದೆ. ಮುಂದಿನ ತಾಯಂದಿರು ಹಾಗೆ ಸಿಕ್ಕರು, ಮತ್ತೆ ಆರುನೂರು ಕೊಡುವ ಗೋಜಿಲ್ಲ.

ಈಗ ಒಂದು ದಿನದ ಹೆಣ್ಣು ಮರಿ ಎಪ್ಪತ್ತು ಎಂಬತ್ತಕ್ಕೆ ಹೋಗುತ್ತದೆ. ಗಂಡು ಕೊಡುವುದಿಲ್ಲ, ವರ್ಷತೊಡಕಿಗೆ ಸಾಕುತ್ತೇನೆ. ಆವತ್ತು ನಾಟಿ ಹುಂಜಕ್ಕೆ ಚೌಕಾಸಿ ಮಾಡುವವರೇ ಇಲ್ಲ. ಕಳೆದ ಮೂರು ಕಾವಿನ ನೂರಹತ್ತು ಮರಿಗಳಲ್ಲಿ ತಪ್ಪಿದ್ದು ಏಳೋ ಎಂಟೋ. ಚುಕ್ಕೆ ಮಸುಕಾಗಿದ್ದಾಗ ಕಾಲಿನಲ್ಲಿ ಇನ್ನೊಂದು ಗುರುತು ನೋಡುತ್ತೇನೆ. ಅದು ನನ್ನ ಹತ್ತಿರವೇ ಇರಲಿ, ನಾನೂ ಮರಿ ಮಾರಬೇಕಲ್ವಾ.

ಮಾವನಿಗೆ ಕೊಟ್ಟ ಇಪ್ಪತ್ತಕ್ಕೆ ಈಗ ಏಳು ವಾರ. ಒಂದರ ಜುಟ್ಟು ಯಾಕೋ ಬೇಗ ಕೆಂಪಾಗುತ್ತಿದೆ. ಅವರು ಇನ್ನೂ ಗಮನಿಸಿಲ್ಲ.