ಗಂಡ ಹೆಂಡ್ತಿ ನಾಟಕಕ್ಕೆ ಪ್ಲಾಟ್ ಕಟ್ಟಿದ್ದು: ನನ್ನ ಅನುಭವ

ಗಂಡ ಹೆಂಡ್ತಿ ಮಧ್ಯೆ ಸರಿ ಇಲ್ಲ ಅನ್ನೋ ವಿಷಯ ಇಟ್ಕೊಂಡು ನಾಟಕ ಬರೆಯೋಕೆ ಕೂತ್ರೆ ಕೈ ತಾನಾಗೇ ಜಗಳದ ಕಡೆ ಹೋಗತ್ತೆ, ಒಂದು ಜಗಳ, ಅದಕ್ಕಿಂತ ಜೋರಾಗಿ ಇನ್ನೊಂದು, ಕೊನೆಗೆ ಸೂಟ್‌ಕೇಸ್. ಎಷ್ಟು ಜೋರು ಮಾಡಿದ್ರೂ ಕಥೆ ನಿಂತಲ್ಲೇ ನಿಂತಿರತ್ತೆ. ಯಾರಿಗೆ ಏನು ಗೊತ್ತು, ಯಾರಿಗೆ ಗೊತ್ತಿಲ್ಲ ಅನ್ನೋದು ಬದಲಾದಾಗ್ಲೇ ಅದು ಕದಲೋದು. ಇಲ್ಲಿ ಮುಂಬೈಲಿ ನಮ್ಮ ತಂಡಕ್ಕೆ ಬರೆದ ನಾಟಕನ ನಾನು ಪೂರ್ತಿ ಇದರ ಮೇಲೇ ಕಟ್ಟಿದ್ದು.

ನನ್ನ ಜೋಡಿ ಡೊಂಬಿವಲಿಯ ವನ್ ರೂಮ್ ಕಿಚನ್‌ನಲ್ಲಿ ಇರೋರು. ಅವನು ಊರಿನ ತನ್ನ ಪಾಲನ್ನ ಅಣ್ಣನಿಗೆ ಬಿಟ್ಟು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ ಬಂದಿದಾನೆ, ಹೆಂಡ್ತಿಗೆ ಹೇಳಿಲ್ಲ. ಅವಳು ಆ ಜಮೀನಿನ ದುಡ್ಡು ಬಂದೇ ಬರತ್ತೆ ಅಂತ ಎಫ್‌ಡಿ ಮುರಿದು ದೊಡ್ಡ ಫ್ಲಾಟ್‌ಗೆ ಟೋಕನ್ ಕೊಟ್ಟಿದಾಳೆ, ಅವನಿಗೆ ಹೇಳಿಲ್ಲ. ಮದುವೆಯಿಂದ ಹಿಡಿದು ನಡೆದಿದ್ದೆಲ್ಲ ಒಂದು ನೋಟ್‌ಬುಕ್ಕಲ್ಲಿ ಸಾಲಾಗಿ ಬರ್ಕೊಂಡೆ, ಆಮೇಲೆ ಸ್ಟೇಜಿಗೆ ಅಂತ ಕೊನೆಯ ಎರಡು ದಿನ ಮಾತ್ರ ತಗೊಂಡೆ, ಸಹಿ ಟೋಕನ್ ಎರಡೂ ಪರದೆ ಏಳೋಕೆ ಮುಂಚೆನೇ ಆಗೋಗಿದೆ. ಇದನ್ನ ಕಲ್ತಿದ್ದು ನಾರ್ವೆಯ ನಾಟಕಕಾರ ಇಬ್ಸೆನ್ ಹತ್ರ. 1879ರ 'ಎ ಡಾಲ್ಸ್ ಹೌಸ್' ಶುರುವಾಗೋದು ಕ್ರಿಸ್‌ಮಸ್ ಹಿಂದಿನ ದಿನ, ಅದರ ನಾಯಕಿ ನೋರಾ ಸಾಲಕ್ಕೆ ಅಂತ ತನ್ನ ಅಪ್ಪನ ಸಹಿ ಫೋರ್ಜರಿ ಮಾಡಿದ್ದು ಅದಕ್ಕೆ ಎಷ್ಟೋ ವರ್ಷ ಮುಂಚೆ. ಆಮೇಲೆ ಅವರ ಮನೆ ಲೆಟರ್ ಬಾಕ್ಸ್ ನೋಡಿ, ಆ ಫೋರ್ಜರಿ ಬಯಲು ಮಾಡೋ ಕಾಗದ ಒಳಗೆ ಬಿದ್ದಿದೆ, ಬೀಗದ ಕೈ ಗಂಡನ ಹತ್ರ, ಅದರಲ್ಲಿ ಏನಿದೆ ಅಂತ ಅವಳಿಗೆ ಗೊತ್ತು ನಮಗೆ ಗೊತ್ತು ಅವನಿಗೆ ಗೊತ್ತಿಲ್ಲ, ಅವಳು ಡಾನ್ಸ್ ಪ್ರಾಕ್ಟೀಸ್ ಮಾಡ್ತಿದ್ರೂ ನಮ್ಮ ಎದೆ ಡವಡವ ಅನ್ನತ್ತೆ.

ನನ್ನಲ್ಲಿ ಆ ಲೆಟರ್ ಬಾಕ್ಸ್ ಅಂದ್ರೆ ಊರಿಂದ ಬಂದ ಭಾವ, ಅವನ ಅದೇ ಅಣ್ಣ. ಸಹಿ ವಿಷಯ ಅವಳಿಗೂ ಗೊತ್ತು ಅಂದ್ಕೊಂಡೇ ಬಂದಿದಾರೆ ಪಾಪ. ಒಂದೇ ರೂಮು, ಭಾವ ಅಲ್ಲೇ ಮಲಗೋದು, ಹಾಗಾಗಿ ಗಂಡ ಹೆಂಡ್ತಿ ಕೂಗಾಡೋ ಹಾಗಿಲ್ಲ, ಏನಿದ್ರೂ ಅಡುಗೆಮನೆಯಲ್ಲಿ ಪಿಸಪಿಸ ಅಂತಾನೇ ಮುಗಿಸ್ಬೇಕು. ಮುಂಬೈ ಮನೆ ಚಿಕ್ಕದು ಅನ್ನೋದನ್ನ ಸೆಟ್ ಹಾಕೋರಿಗೆ ಬಿಟ್ಬಿಡಬಾರದು, ಬರೆಯೋನೇ ಬಳಸ್ಕೋಬೇಕು.

ಇಂಟರ್ವಲ್ ಎಲ್ಲಿ ಅಂತ ತುಂಬಾ ಯೋಚಿಸಿದೆ. ರಾತ್ರಿ ಊಟ, ಗಂಡ ಕೈ ತೊಳೆಯೋಕೆ ಎದ್ದಿದಾನೆ, ನಲ್ಲಿ ಸದ್ದು. ಭಾವ ಅಂತಾರೆ, "ನಿನ್ನ ಮನಸ್ಸು ದೊಡ್ಡದು ಮಾರಾಯ್ತಿ, ಬೇರೆಯವ್ರಾಗಿದ್ರೆ ಆ ಸಹಿಗೆ ಒಪ್ತಿರ್ಲಿಲ್ಲ." ಅವಳ ಕೈಯಲ್ಲಿ ಸೌಟು. ಒಂದು ಕ್ಷಣ ಬಿಟ್ಟು, "ಇನ್ನೊಂಚೂರು ಸಾರು ಹಾಕ್ಲಾ ಭಾವ?" ಅಷ್ಟೇ, ಲೈಟ್ಸ್ ಆಫ್. ಸೆಕೆಂಡ್ ಹಾಫಲ್ಲಿ ಬಹಳ ಹೊತ್ತು ಅವಳಿಗೆ ಗೊತ್ತು, ಗೊತ್ತಾಗಿದೆ ಅಂತ ಅವನಿಗೆ ಗೊತ್ತಿಲ್ಲ, "ರೀ, ಟವೆಲ್ ತಗೊಳ್ಳಿ" ಅಂದ್ರೂ ಜನ ಕಿವಿ ಕೊಟ್ಟು ಕೇಳ್ತಾರೆ.

ಇದಕ್ಕೆ ನಾನು ಮಾಡ್ಕೊಂಡಿದ್ದು ಒಂದು ಚಾರ್ಟ್, ಪ್ರತಿ ದೃಶ್ಯಕ್ಕೂ ಅವನು, ಅವಳು, ಭಾವ, ಪ್ರೇಕ್ಷಕರು ಅಂತ ನಾಲ್ಕು ಕಾಲಮ್, ದೃಶ್ಯ ಮುಗಿದಾಗ ಒಂದು ಕಾಲಮ್ಮೂ ಬದಲಾಗ್ಲಿಲ್ಲ ಅಂದ್ರೆ ಡೈಲಾಗ್ ಎಷ್ಟೇ ಚೆನ್ನಾಗಿರ್ಲಿ ಆ ದೃಶ್ಯ ಹೋಯ್ತು. ಅವನ ಗುಟ್ಟು ಪ್ರೇಕ್ಷಕರಿಗೆ ಮೊದಲನೇ ದೃಶ್ಯದಲ್ಲೇ ಕೊಟ್ಟೆ, ಅವಳ ಟೋಕನ್ ಮಾತ್ರ ಕೊನೆವರೆಗೂ ಬಚ್ಚಿಟ್ಟೆ. "ಸಹಿ ಹಾಕ್ಬೇಕಾದ್ರೆ ನನ್ನನ್ನ ಒಂದ್ ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ?" ಅಂತ ಅವಳು ಕೇಳ್ತಾಳೆ, ಹಾಲ್ ಪೂರ್ತಿ ಅವಳ ಕಡೆ, ಆಗ್ಲೇ ಬಿಲ್ಡರ್ ಆಫೀಸಿಂದ ಫೋನು, ಎತ್ತೋದು ಅವನು. ಇಬ್ಬರಿಗೂ ನ್ಯಾಯ ಸಿಗಬೇಕು ಅಂದ್ರೆ ಈ ಕ್ರಮನೇ ಬೇಕಿತ್ತು.

ಕೊನೆಗೆ ನೋರಾ ಬಾಗಿಲು ಹಾಕ್ಕೊಂಡು ಹೋಗ್ತಾಳೆ, ಮೋಹನ್ ರಾಕೇಶ್‌ರ 1969ರ ಹಿಂದಿ ನಾಟಕ 'ಆಧೆ ಅಧೂರೆ'ಯಲ್ಲಿ ಬಿಟ್ಟು ಹೋದ ಗಂಡ ವಾಪಸ್ ಬರ್ತಾನೆ. ನನ್ನಲ್ಲಿ ಭಾವನನ್ನ ಮತ್ಸ್ಯಗಂಧ ರೈಲಿಗೆ ಹತ್ತಿಸೋಕೆ ಹೊರಟಿದಾರೆ, ಭಾವ ಚಪ್ಪಲಿ ಹಾಕ್ತಾ "ಎಲ್ಲ ಸರಿ ಅಲ್ವಾ?" ಅಂತ ಕೇಳ್ತಾರೆ, ಅವನು ಹೌದು ಅಂತಾನೆ, ಅದೇ ಹೊತ್ತಿಗೆ ಅವಳು ಇಲ್ಲ ಅಂತಾಳೆ. ಈಗ ಭಾವನಿಗೂ ಗೊತ್ತಾಯ್ತು, ನಾಲ್ಕು ಕಾಲಮ್ಮೂ ಒಂದೇ. ಅವರು ಬೇರೆ ಆಗ್ತಾರಾ ಅಂತ ತಾಲೀಮಲ್ಲಿ ನಟರು ಕೇಳಿದ್ರು, ಅದನ್ನ ನಾನು ಬರೆದಿಲ್ಲ, ಬರೆಯೋದೂ ಇಲ್ಲ.